ಹಲಸಿನ ಮರದ ಅಡಿಯ ಜಾಗ

ನಮ್ಮ ಉಡುಪಿ ಕಡೆ ಹಿತ್ತಿಲಲ್ಲಿ ಒಂದು ಹಲಸಿನ ಮರವೋ ಮಾವಿನ ಮರವೋ ಇದ್ದೇ ಇರುತ್ತದೆ. ಅದರ ಅಡಿಯ ನೆರಳಿಗೆ ಮಾತ್ರ ಮರ್ಯಾದೆ ಇಲ್ಲ. ಒಡೆದ ಹಂಚು, ತೆಂಗಿನ ಮಡಲು, ಖಾಲಿ ಪೇಂಟ್ ಡಬ್ಬಿ ಎಲ್ಲ ಹೋಗಿ ಸೇರುವುದು ಅಲ್ಲಿಗೇ. ಕೇಳಿದರೆ, "ಅಲ್ಲಿ ಎಂತ ನೆಟ್ರೂ ಬರುದಿಲ್ಲ ಮಾರಾಯ್ರೆ, ಬಿಸಿಲೇ ಇಲ್ಲ" ಅನ್ನುತ್ತಾರೆ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮನೆಯಲ್ಲೂ ಇಂಥದ್ದೊಂದು ಮೂಲೆ ಉಂಟು. ಅಲ್ಲಿ ಅವಳು ಹೆಲೆಬೋರ್ ಬೆಳೆಸುತ್ತಾಳೆ. ಚಳಿಗೆ ಬೇರೆ ಗಿಡಗಳೆಲ್ಲ ಸುಮ್ನೆ ಮಲಗಿರುವಾಗ, ಫೆಬ್ರವರಿಯಲ್ಲಿ, ಇದು ಹೂ ಬಿಡುತ್ತದೆ: ಬಿಳಿ, ತಿಳಿ ಹಸಿರು, ಗುಲಾಬಿ, ಕಪ್ಪೇ ಅನ್ನಿಸುವಷ್ಟು ಕಡು ನೇರಳೆ. ಹೂವೆಲ್ಲ ನೆಲ ನೋಡುತ್ತಿರುತ್ತದೆ. ಹಾಗಾಗಿ ಅವಳು ಕಳಿಸುವ ಫೋಟೋಗಳಲ್ಲೆಲ್ಲ ಎರಡು ಬೆರಳು ಇದ್ದೇ ಇರುತ್ತವೆ, ಹೂವಿನ ಗಲ್ಲ ಎತ್ತಿ ಹಿಡಿದ ಬೆರಳು. ನಾವು ಎಸಳು ಅಂದುಕೊಳ್ಳುವುದು ಅದರ ಎಸಳಲ್ಲವಂತೆ, ಮೊಗ್ಗಿನ ಹೊರಗವಸು. ನಿಜವಾದ ಎಸಳುಗಳು ಒಳಗೆ ಮಕರಂದದ ಪುಟ್ಟ ಕೊಳವೆಗಳಾಗಿ ಕೂತಿವೆ. ಹೂ ಬೇಗ ಉದುರದೆ ತಿಂಗಳುಗಟ್ಟಲೆ ನಿಲ್ಲುವುದು ಇದರಿಂದಲೇ.

ಆರೈಕೆ ಜಾಸ್ತಿ ಬೇಡ. ಎಲೆಗೊಬ್ಬರ, ನೀರು ನಿಲ್ಲದ ಮಣ್ಣು. ಹೂ ಅರಳುವ ಮೊದಲು ಹಳೆಯ ಎಲೆಗಳನ್ನು ಬುಡಕ್ಕೇ ಕತ್ತರಿಸಬೇಕು, ಇಲ್ಲದಿದ್ದರೆ ಅದರ ಕಪ್ಪು ಚುಕ್ಕೆ ರೋಗ ಹೊಸ ಚಿಗುರಿಗೂ ಹತ್ತುತ್ತದೆ. ಗಿಡವಿಡೀ ವಿಷ, ಆದ್ದರಿಂದ ಕತ್ತರಿಸುವಾಗ ಕೈಗೆ ಗ್ಲೌಸ್. ಬೀಜಕ್ಕೆ ಅಂಟಿದ ಜಿಡ್ಡಿನ ಆಸೆಗೆ ಇರುವೆಗಳೇ ಅದನ್ನು ಹೊತ್ತು ಅಲ್ಲಲ್ಲಿ ಬಿತ್ತಿಬಿಡುತ್ತವೆ. (ಸಂಬಳ ಕೇಳದ ಆಳುಗಳು!)

ನಮ್ಮಲ್ಲಿ ಬರುತ್ತದಾ? ಇಲ್ಲ. ಆನ್‌ಲೈನಿನಲ್ಲಿ ಬೀಜ ತರಿಸಿದರೆ ದುಡ್ಡು ದಂಡ. ಬೀಜ ಮೊಳೆಯಲಿಕ್ಕೆ ವಾರಗಟ್ಟಲೆ ಚಳಿ ಬೇಕು. ನಮ್ಮಲ್ಲಿ ಡಿಸೆಂಬರಿನ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಫ್ರಿಜ್ಜಿನಲ್ಲಿಟ್ಟು ಬೀಜಕ್ಕೆ ಮೋಸ ಮಾಡಬಹುದು ಅನ್ನಿ, ಆಮೇಲೆ ಸಸಿಯನ್ನು ಎಲ್ಲಿಡುತ್ತೀರಿ, ಬಸಳೆ ಚಪ್ಪರದ ಅಡಿಯಲ್ಲಾ? ಬುಡದಲ್ಲಿ ನೀರು ನಿಂತರೆ ಕೊಳೆಯುವ ಗಿಡಕ್ಕೆ ನಮ್ಮ ಆಟಿ ತಿಂಗಳ ಮಳೆ ತೋರಿಸುವುದೇ ಪಾಪ.

ಆದರೆ ನೆರಳು ನಮ್ಮಲ್ಲೇನು ಬರಗೆಟ್ಟಿಲ್ಲ. ಪತ್ರೊಡೆಗೆ ಕೆಸು, ತಂಬುಳಿಗೆ ಒಂದೆಲಗ, ನಾಗರಪಂಚಮಿಯ ಗಟ್ಟಿಗೆ ಅರಶಿನ ಎಲೆ, ಎಲ್ಲ ಆ ಮೂಲೆಯಲ್ಲೇ ಬರುತ್ತವೆ. ಹೂವೇ ಬೇಕಾದರೆ ನೆಲಸಂಪಿಗೆ. ಶುಂಠಿಯ ಕುಲದ ಗಿಡ. ಮಳೆಗಾಲ ಕಳೆದ ಮೇಲೆ ಎಲೆ ಒಣಗಿ ಗಿಡ ಪೂರ್ತಿ ಮಾಯ. ಬೇಸಿಗೆಯಲ್ಲಿ, ಒಂದು ಎಲೆಯೂ ಇಲ್ಲದೆ, ಬರೀ ಮಣ್ಣಿನಿಂದ ಬಿಳಿ-ನೇರಳೆ ಹೂ ಎದ್ದು ಬರುತ್ತದೆ, ಘಮ್ಮೆನ್ನುವ ಪರಿಮಳದ ಜೊತೆ. ಇದನ್ನು ನೋಡಲಿಕ್ಕೂ ಬಗ್ಗಲೇಬೇಕು. ಗೆಡ್ಡೆ ಹೂತ ಜಾಗಕ್ಕೆ ಒಂದು ಕೋಲು ನೆಟ್ಟಿಡಿ, ಇಲ್ಲದಿದ್ದರೆ ಖಾಲಿ ನೆಲ ಅಂತ ಯಾರಾದರೂ ಅಲ್ಲೇ ಹಾರೆ ಹಾಕಿಯಾರು.

ಈಗ ಅಕ್ಕನಿಗೆ ಇದರ ಗೆಡ್ಡೆ ಬೇಕಂತೆ. "ನಿನ್ನಲ್ಲಿ ಹಿಮಕ್ಕೆ ಕೊಳೆತುಹೋಗ್ತದೆ, ಕುಂಡದಲ್ಲಿಟ್ಟು ಮನೆಯೊಳಗೇ ಸಾಕಬೇಕು, ಚಳಿಗಾಲದಲ್ಲಿ ನೀರು ಹಾಕ್ಬಾರ್ದು" ಅಂದೆ. ನೀರು ಹಾಕದೆ ಇರುವುದು ಅವಳಿಂದ ಆಗುವ ಕೆಲಸವಲ್ಲ ಬಿಡಿ.