ತೂಲಾನ್ ಗೆದ್ದದ್ದು ಬರೀ ಕತ್ತಿಯಿಂದಲ್ಲ

ನೆಪೋಲಿಯನ್ ಸಿನಿಮಾ ಅಂದರೆ ಆಸೆಯಿಂದ ಕೂರುತ್ತೇನೆ. ಆಮೇಲೆ ಅದೇ ಬೇಸರ. ಇಂಗ್ಲಿಷರು ಹಿಡಿದಿದ್ದ ಫ್ರಾನ್ಸಿನ ಬಂದರು ಪಟ್ಟಣ ತೂಲಾನ್‌ನ ಮುತ್ತಿಗೆ ಬಂತು ಅಂದರೆ ಕತ್ತಿ, ಬೆಂಕಿ, ಕಿರುಚಾಟ, ಎದೆ ನಡುಗಿಸುವ ಸಂಗೀತ.

ಅವನಿಗೆ ಆಗ 24 ವರ್ಷ, ಫಿರಂಗಿ ದಳದವನು. ಹಡಗುಗಳ ಮೇಲೆ ಗುಂಡು ಹಾರಿಸುವಂಥ ಜಾಗ ಹಿಡಿದರೆ ಸಾಕು, ಇಂಗ್ಲಿಷರು ತಾವಾಗೇ ಆ ಬಂದರನ್ನು ಬಿಟ್ಟು ಹೋಗುತ್ತಾರೆ ಅಂತ ಲೆಕ್ಕ ಹಾಕಿದ. 1793ರ ಡಿಸೆಂಬರ್‌ನಲ್ಲಿ ಹಾಗೇ ಆಯಿತು. ಆ ಯೋಚನೆಯೇ ಕಥೆ ಅಲ್ವಾ? ಅದಕ್ಕಾಗಿ ಸುತ್ತಮುತ್ತಲಿಂದ ಫಿರಂಗಿ, ಕುದುರೆ, ಮದ್ದು ಕೂಡಿಸಿದ್ದಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ.

ಫ್ರೆಂಚ್ ಕ್ರಾಂತಿಯೂ ಅಷ್ಟೇ, ತಲೆ ಕಡಿಯುವ ಗಿಲೊಟಿನ್ ಯಂತ್ರ ತೋರಿಸಿ ಮುಗಿಸಿಬಿಡುತ್ತಾರೆ. ಕ್ರಾಂತಿ ನಡೆಯದಿದ್ದರೆ ಕಾರ್ಸಿಕಾ ದ್ವೀಪದ ಆ ಹುಡುಗ, ನೆಪೋಲಿಯನ್, ತೂಲಾನ್ ಗೆದ್ದ ಅದೇ ತಿಂಗಳು ಜನರಲ್ ಆಗುತ್ತಿದ್ದನೇ? ನಮಗೆ ಇದೆಲ್ಲ ಅರ್ಥವಾಗುವುದಿಲ್ಲ ಅಂತ ಯಾಕೆ ಅಂದುಕೊಳ್ಳುತ್ತಾರೋ!