ಇದು ನಮ್ಮ ಮನೇಲೂ ಇತ್ತು

ಉಚಿತ ಕಾರ್ಯಕ್ರಮ ಅಂದಮೇಲೆ ಅದು ಹೇಳಿದ ಟೈಮಿಗೆ ಶುರುವಾಗಲಿ ಅಂತ ಕೇಳಬಾರದು. ಕೇಳಿದರೆ ‘ದುಡ್ಡು ಕೊಟ್ಟಿದ್ದೀರಾ?’ ಅನ್ನೋ ಹಾಗೆ ನೋಡುತ್ತಾರೆ.

ಮೇ 18 ವಿಶ್ವ ವಸ್ತುಸಂಗ್ರಹಾಲಯ ದಿನ. 1977ರಿಂದ ಜಗತ್ತಿಡೀ ನಡೆದುಕೊಂಡು ಬಂದಿದೆ. ನಮ್ಮೂರಿನ ಪುಟ್ಟ ಮ್ಯೂಸಿಯಂ ಮುಂದೆಯೂ ಬ್ಯಾನರು ಬಿತ್ತು. ಪ್ರವೇಶ ಉಚಿತ, ಮಕ್ಕಳಿಗೆ ಜೇಡಿಮಣ್ಣಿನಲ್ಲಿ ಗೊಂಬೆ ಮಾಡುವುದು, ಚಿತ್ರ ಸ್ಪರ್ಧೆ, ಕುಟುಂಬ ಸಮೇತ ಬನ್ನಿ. ಬೇಸಿಗೆ ರಜೆ ಬೇರೆ. ಮನೆಯಲ್ಲಿ ಒಡೆಯಲು ಇನ್ನೇನೂ ಉಳಿದಿರಲಿಲ್ಲ. ಹತ್ತಕ್ಕೆಲ್ಲ ಹೋಗಿ ಕೂತೆವು. ಮುಖ್ಯ ಅತಿಥಿಗಳ ಕಾರು ಬಂದಾಗ ಹನ್ನೊಂದೂವರೆ. ಅವರು ದೀಪ ಹಚ್ಚುವ ತನಕ ಮಣ್ಣು ಮುಟ್ಟುವಂತಿಲ್ಲವಂತೆ. ಅಷ್ಟರಲ್ಲಿ ಮಣ್ಣು ಒಣಗಿ ಹೆಂಟೆಯಾಗಿತ್ತು. ಫೋಟೋ ಸರಿ ಬರಲಿಲ್ಲ ಅಂತ ದೀಪ ಆರಿಸಿ ಇನ್ನೊಂದು ಸಲ ಹಚ್ಚಿದರು.

ಇದನ್ನೆಲ್ಲ ತಡಕೋಬಹುದಿತ್ತು. ಆದರೆ ‘ಕುಟುಂಬ ಸಮೇತ’ ಅನ್ನೋದನ್ನು ಓದಿ ದೊಡ್ಡಪ್ಪನೂ ಹೊರಟಿದ್ದರಲ್ಲ!

ದೊಡ್ಡಪ್ಪನಿಗೆ ಒಂದೇ ಮಾತು ಗೊತ್ತಿರೋದು. ಬೀಸುಕಲ್ಲಿನ ಮುಂದೆ ನಿಂತರು: ‘ಇದು ನಮ್ಮ ಮನೇಲೂ ಇತ್ತು.’ ಒನಕೆ, ಲಾಟೀನು, ಅಳಗುಳಿಮಣೆ, ಎಲ್ಲವೂ ಇತ್ತು. ಎಲ್ಲಿ ಹೋಯ್ತು ಅಂದರೆ, ಗುಜರಿಗೆ. ತಾಮ್ರದ ಹಂಡೆ ಕೊಟ್ಟು ಸ್ಟೀಲ್ ಪಾತ್ರೆ ತಗೊಂಡದ್ದನ್ನು ಅವರು ಈಗಲೂ ಹೆಮ್ಮೆಯಿಂದಲೇ ಹೇಳುತ್ತಾರೆ. ಹಿಂದೆ ಕ್ಯೂ ಬೆಳೆಯುತ್ತಿತ್ತು. ‘ದೊಡ್ಡಪ್ಪಾ, ಮುಂದೆ ನಡೀರಿ’ ಅಂದರೆ, ‘ಇರಮ್ಮ, ಇದು ನಮ್ಮ ಮನೇಲೂ...’

ಅಳತೆಯ ಪಾತ್ರೆಗಳ ಹತ್ತಿರವಂತೂ ಬೇರು ಬಿಟ್ಟರು. ಗೈಡ್ ಹುಡುಗಿ ಪಾಪ, ಬೋರ್ಡು ಓದುತ್ತಿದ್ದಳು. ಇವರು ಸೇರನ್ನು ಎತ್ತಿಯೇಬಿಟ್ಟರು. ‘ಮುಟ್ಟಬಾರದು’ ಅನ್ನೋ ಚೀಟಿ ಅವರ ಹೆಬ್ಬೆರಳಿನ ಕೆಳಗೇ ಇತ್ತು. ‘ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನಮ್ಮಮ್ಮ ತಗೊಳ್ಳುವಾಗ ಗೋಪುರ ಅಳೆಸ್ಕೋತಿದ್ಲು, ಸಾಲ ಕೊಡುವಾಗ ತಲೆ ಸವರಿ ಕೊಡ್ತಿದ್ಲು’ ಅಂತ ಖಾಲಿ ಸೇರಿನ ಬಾಯಿಯ ಮೇಲೆ ಅಂಗೈ ಸವರಿ ತೋರಿಸಿದರು. ಮಕ್ಕಳು ಗೈಡನ್ನು ಬಿಟ್ಟು ಇವರ ಸುತ್ತ ಸೇರಿಕೊಂಡವು. ನನಗೂ ಒಂದು ಕ್ಷಣ ಸಿಟ್ಟು ಮರೆತುಹೋಯಿತು. ಆ ಅಜ್ಜಿಯನ್ನು ನಾನು ನೋಡಿಯೇ ಇಲ್ಲ. ಅವರ ಕೈ ಹೀಗೇ ಆಡುತ್ತಿತ್ತೇನೋ.

ಆಮೇಲೆ ಬಂತು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಅವನು, ತುದಿಯಲ್ಲಿ ಸೂರ್ಯ ಚಂದ್ರ. ಅಧಿಕಾರಿಗಳೇ ಬಂದು ವಿವರಿಸುತ್ತಿದ್ದರು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಹತ್ತನೇ ಶತಮಾನದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನೆಟ್ಟಿದ್ದಾರೆ ಅಂದಾಗ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದವು.

‘ಇದೂ ನಮ್ಮ ಮನೇಲಿತ್ತು’ ಅಂದರು ದೊಡ್ಡಪ್ಪ.

ಅಧಿಕಾರಿಗಳು ನಕ್ಕರು. ‘ವೀರಗಲ್ಲಾ ಸಾರ್?’

‘ಹೂಂ. ಹಿತ್ತಲಲ್ಲಿ. ಅದರ ಮೇಲೇ ಬಟ್ಟೆ ಒಗೀತಿದ್ವಿ. ಆ ಕುದುರೆ ಇದೆಯಲ್ಲ, ಅಲ್ಲಿ ಉಜ್ಜಿದ್ರೆ ಕಾಲರ್ ಕೊಳೆ ಚೆನ್ನಾಗಿ ಹೋಗ್ತಿತ್ತು.’

ಅವರ ನಗು ಅಲ್ಲೇ ನಿಂತಿತು. ‘ಈಗ ಎಲ್ಲಿದೆ?’

‘ಬಚ್ಚಲುಮನೆ ಮೆಟ್ಟಿಲಿಗೆ ಹಾಕಿಸಿದ್ವಿ. ಚಿತ್ರ ಕೆಳಗೆ ಮಾಡಿ. ಕಾಲಿಗೆ ಚುಚ್ಚುತ್ತಲ್ಲ.’

ಅಧಿಕಾರಿಗಳು ಮುಖ್ಯ ಅತಿಥಿಗಳನ್ನು ಅಲ್ಲೇ ಬಿಟ್ಟು ದೊಡ್ಡಪ್ಪನ ವಿಳಾಸ ಬರೆದುಕೊಂಡರು. ಕಾಫಿ ತರಿಸಿಕೊಟ್ಟರು. ನಮಗೆ ಯಾರೂ ನೀರೂ ಕೊಡಲಿಲ್ಲ.

ಈಗ ದಿನಾ ದೊಡ್ಡಮ್ಮನ ಫೋನು. ‘ಮೆಟ್ಟಿಲು ಕೀಳ್ತಾರಂತೆ ಕಣೇ. ಅದರ ಮೇಲೆ ಹೋದ ವರ್ಷ ತಾನೇ ಟೈಲ್ಸ್ ಹಾಕಿಸಿದ್ದೀನಿ. ಅವರನ್ನು ಅಲ್ಲಿಗೆ ಕರಕೊಂಡು ಹೋದವಳು ನೀನು. ವಾಪಸ್ ಹಾಕಿಸಿಕೊಡೋದೂ ಉಚಿತವಾ, ಕೇಳಿ ಹೇಳು.’