ಎಮ್ಮಾಹು ಎಲ್ಲಿ ಅಂತ ಹುಡುಕುವವರು ಇಮ್ವಾಸ್ ಬಗ್ಗೆಯೂ ಸ್ವಲ್ಪ ಕೇಳಿ

ಈಸ್ಟರ್ ಬಂದಾಗಲೆಲ್ಲ ಎಮ್ಮಾಹು ದಾರಿಯ ಕಥೆ ಕೇಳುತ್ತೇವೆ. ಯೇಸುವನ್ನು ಶಿಲುಬೆಗೆ ಹಾಕಿದ ಮೇಲೆ ಅವನ ಇಬ್ಬರು ಶಿಷ್ಯರು ಮುಖ ಸಪ್ಪೆ ಮಾಡಿಕೊಂಡು ಯೆರೂಸಲೇಮಿನಿಂದ ಎಮ್ಮಾಹು ಅನ್ನುವ ಊರಿಗೆ ಹೊರಟಿದ್ದಾರೆ. ಒಬ್ಬ ಕ್ಲೆಯೊಫ, ಇನ್ನೊಬ್ಬನ ಹೆಸರನ್ನು ಈ ಕಥೆಯನ್ನು ಸುವಾರ್ತೆಯಲ್ಲಿ ಬರೆದ ಲೂಕ ಹೇಳುವುದೇ ಇಲ್ಲ. ದಾರಿಯಲ್ಲಿ ಜೊತೆಯಾದವನು ಸತ್ತು ಎದ್ದು ಬಂದ ಯೇಸುವೇ ಅಂತ ಅವರಿಗೆ ಗೊತ್ತಾಗುವುದು ಊಟಕ್ಕೆ ಕೂತು ರೊಟ್ಟಿ ಮುರಿದಾಗಲೇ. ಕಥೆ ಇಷ್ಟು ಚೆನ್ನಾಗಿ ನೆನಪಿದೆ, ಊರು ಎಲ್ಲಿತ್ತು ಅನ್ನುವುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ಲೂಕ ಕೊಟ್ಟ ದೂರ 60 ಸ್ಟೇಡಿಯ, ಅಂದರೆ ಸುಮಾರು 11 ಕಿಲೋಮೀಟರ್. ಇದನ್ನೇ ಹಿಡಿದು ಧರ್ಮಯುದ್ಧಕ್ಕೆ ಬಂದ ಕ್ರುಸೇಡಿನವರು ಅಬು ಘೋಷ್ ಅನ್ನುವ ಊರಲ್ಲಿ ಚರ್ಚ್ ಕಟ್ಟಿದರು, ಫ್ರಾನ್ಸಿಸ್ಕನ್ ಸನ್ಯಾಸಿಗಳು ಕುಬೈಬಾ ಅನ್ನುವ ಊರೇ ಎಮ್ಮಾಹು ಅಂದರು. ಇನ್ನು ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ 30 ಸ್ಟೇಡಿಯ ದೂರದ ಇನ್ನೊಂದು ಎಮ್ಮಾಹು ಬಗ್ಗೆ ಬರೆದಿದ್ದಾನೆ, ಚಕ್ರವರ್ತಿ ವೆಸ್ಪಾಸಿಯನ್ ತನ್ನ 800 ಮಾಜಿ ಸೈನಿಕರಿಗೆ ಅಲ್ಲಿ ಜಾಗ ಕೊಟ್ಟನಂತೆ. ಹೋಗಿ ಬಂದರೆ 60 ಆಗುತ್ತಲ್ಲ ಅಂತ ವಾದಿಸುವವರಿದ್ದಾರೆ. ಬಸ್ ಟಿಕೆಟ್ ಲೆಕ್ಕ! ಊರು ಎಷ್ಟು ದೂರ ಅಂತ ಕೇಳಿದರೆ ಯಾರಾದರೂ ವಾಪಸ್ ಬರುವ ದಾರಿಯನ್ನೂ ಸೇರಿಸಿ ಹೇಳುತ್ತಾರಾ?

ಹಳೆಯ ಹೆಸರನ್ನು ನಮ್ಮ ಕಾಲದವರೆಗೂ ಉಳಿಸಿಕೊಂಡಿದ್ದ ಊರು ಇಮ್ವಾಸ್. ರೋಮನ್ನರ ಕಾಲದಲ್ಲಿ ಇದೇ ನಿಕೊಪೊಲಿಸ್, ಎಮ್ಮಾಹು ಇದೇ ಅಂತ 4ನೇ ಶತಮಾನದಲ್ಲಿ ಚರ್ಚ್ ಇತಿಹಾಸಕಾರ ಯುಸೀಬಿಯಸ್ ಬರೆದಿದ್ದಾನೆ. ತೊಂದರೆ ಏನೆಂದರೆ ಇದು ಯೆರೂಸಲೇಮಿನಿಂದ ಸುಮಾರು 30 ಕಿಲೋಮೀಟರ್ ದೂರ. ಅದೇ ಶತಮಾನದ ಸಿನೈಟಿಕಸ್ ಅನ್ನುವ ಬೈಬಲ್ ಹಸ್ತಪ್ರತಿಯಲ್ಲಿ ದೂರ 60 ಅಲ್ಲ, 160 ಸ್ಟೇಡಿಯ, ಅಂದರೆ ಸುಮಾರು 30 ಕಿಲೋಮೀಟರ್ ಅಂತಿದೆ. ಎಷ್ಟು ಸರಿಯಾಗಿ ಹೊಂದಿಕೊಂಡಿತು ನೋಡಿ! ಊರು ಮೊದಲೇ ನಿರ್ಧಾರವಾಗಿತ್ತು, ಅಂಕಿಯನ್ನು ಆಮೇಲೆ ಯಾರೋ ತಿದ್ದಿದರು ಅಂತಲೇ ನನ್ನ ಅನಿಸಿಕೆ. ಯಾಕೆಂದರೆ ಆ ಇಬ್ಬರೂ ಊಟದಿಂದೆದ್ದು ಆಗಲೇ ಯೆರೂಸಲೇಮಿಗೆ ವಾಪಸ್ ನಡೆದರು. ಒಂದೇ ದಿನಕ್ಕೆ 60 ಕಿಲೋಮೀಟರ್, ಅದರಲ್ಲಿ ಅರ್ಧ ಕತ್ತಲಲ್ಲಿ, ಅದೂ ಬೆಟ್ಟ ಹತ್ತಿಕೊಂಡು. ಸಂತೋಷದಲ್ಲಿ ಕಾಲು ನೋಯಲ್ಲ ನಿಜ, ಆದರೂ ಜಾಸ್ತಿಯಾಯಿತು ಅಲ್ವಾ?

ಹಾಗಾಗಿ ಲೂಕನ ಎಮ್ಮಾಹು ಇಮ್ವಾಸ್ ಅಂತ ನಾನು ನಂಬಲ್ಲ. ಆದರೆ ನನಗೆ ಬೇಜಾರಾಗುವ ವಿಷಯ ಬೇರೆ. ಇಮ್ವಾಸ್‌ನಲ್ಲಿ ಪ್ಯಾಲೆಸ್ತೀನಿ ಕುಟುಂಬಗಳು ವಾಸವಾಗಿದ್ದವು. 1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಸೇನೆ ಅವರನ್ನು ಹೊರಗೆ ಕಳಿಸಿ ಮನೆಗಳನ್ನು ಕೆಡವಿತು, ಪಕ್ಕದ ಯಾಲೊ ಮತ್ತು ಬೈತ್ ನೂಬಾ ಹಳ್ಳಿಗಳದ್ದೂ ಅದೇ ಗತಿ. ಆಮೇಲೆ ಕೆನಡಾದಿಂದ ದೇಣಿಗೆ ಎತ್ತಿ ಅಲ್ಲಿ ಪಾರ್ಕ್ ಮಾಡಿದರು, ಹೆಸರೂ ಕೆನಡಾ ಪಾರ್ಕ್. ಯಾತ್ರಿಕರು ಈಗಲೂ ಬರುತ್ತಾರೆ, ಬೈಜಾಂಟಿನ್ ಚರ್ಚಿನ ಪಾಳುಗೋಡೆ ನೋಡಿ ಎಮ್ಮಾಹು ಇದೇನಾ ಅಂತ ಗೈಡ್‌ನನ್ನು ಕೇಳುತ್ತಾರೆ. ಅಲ್ಲೇ ಹುಟ್ಟಿದವರನ್ನು ಕೇಳಬೇಕೆಂದರೆ ಅವರು ಅಲ್ಲಿಲ್ಲ.